ದಾನವೆಂಬ ಹೆಸರಿನ ಉದ್ಯಮ: ಅತ್ತಿಮಬ್ಬೆಯೂ ನಂಜನಗೂಡು ತಿರುಮಲಾಂಬೆಯೂ

೧

ಕನ್ನಡನಾಡಿನ ಚರಿತ್ರೆಯನ್ನು ಬರೆಯತಕ್ಕವರು ಸ್ತ್ರೀಯರ ಪ್ರಸ್ತಾಪವು ಬಂದಾಗ ಸಾಮಾನ್ಯವಾಗಿ ಮೂರು ಬಗೆಯವರನ್ನು ಸ್ಮರಿಸುವುದುಂಟು: ನಾಡನ್ನಾಳಿದ ರಾಣಿಯರು, ಭಕ್ತಿಯಿಂದ ಹಾಡಿದ ಶರಣೆಯರು, ಗಂಡನೊಡನೆ ಚಿತೆಯನ್ನೇರಿದ ಮಹಾಸತಿಯರು. ಹಣವನ್ನು ತೊಡಗಿಸಿ, ಕೆಲಸಗಾರರನ್ನು ಕೂಡಿಸಿ, ಒಂದು ದೊಡ್ಡ ಕಾರ್ಯವನ್ನು ವರ್ಷಗಟ್ಟಲೆ ನಡಸಿದ ಸ್ತ್ರೀಗೆ ಈ ಮೂರು ಪಂಕ್ತಿಗಳಲ್ಲಿ ಎಲ್ಲಿಯೂ ಎಲೆಯಿಲ್ಲ. ಅಂತಹವರು ಇರಲಿಲ್ಲವೆಂದೇ? ಇದ್ದರು, ಆದರೆ ಅವರ ಕಾರ್ಯವನ್ನು ನಾವು ಉದ್ಯಮವೆಂದು ಕರೆಯದೆ ಬೇರೆ ಹೆಸರುಗಳಿಂದ ಕರೆದೆವು.

ಗೃಹಿಣಿಯು ಮಕ್ಕಳ ಪಾಲನೆ, ತನ್ನ ಉದ್ಯೋಗದ ಅಭಿಲಾಷೆ, ಊರಿನ ಸೇವೆ ಈ ಮೂರನ್ನೂ ಹೇಗೆ ಸರಿದೂಗಿಸಬೇಕೆಂಬುದು ಈಚಿನ ದಿನಗಳಲ್ಲಿ ಹುಟ್ಟಿದ ಪ್ರಶ್ನೆಯೆಂದು ಅನೇಕರು ತಿಳಿದಿರುವರು. ಇದು ಹಳೆಯ ಪ್ರಶ್ನೆಯೇ ಎಂಬುದನ್ನೂ, ನಮ್ಮ ಸಮಾಜವು ಅದಕ್ಕೆ ಕೊಟ್ಟ ಉತ್ತರವು ಒಂಬತ್ತು ನೂರು ವರ್ಷಗಳಲ್ಲಿ ಹೆಚ್ಚು ಬದಲಾಗಲಿಲ್ಲವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ. ಇದಕ್ಕಾಗಿ ಪುಸ್ತಕಗಳ ಪ್ರಸಾರದಲ್ಲಿ ತೊಡಗಿದ್ದ ಇಬ್ಬರು ಸ್ತ್ರೀಯರನ್ನು ಆರಿಸಿಕೊಂಡಿದ್ದೇವೆ. ಒಬ್ಬಳು ಹತ್ತನೆಯ ಶತಮಾನದ ಕಡೆಯಲ್ಲಿ ಓಲೆಯ ಗ್ರಂಥಗಳನ್ನು ಪ್ರತಿಮಾಡಿಸಿದ ಅತ್ತಿಮಬ್ಬೆ. ಮತ್ತೊಬ್ಬರು ೧೯೧೩ರಲ್ಲಿ ಗ್ರಂಥಮಾಲೆಯೊಂದನ್ನು ಸ್ಥಾಪಿಸಿದ ನಂಜನಗೂಡು ತಿರುಮಲಾಂಬ.

೨

ಅತ್ತಿಮಬ್ಬೆಯ ವಿಷಯದಲ್ಲಿ ನಮಗಿರುವ ಮುಖ್ಯ ಆಧಾರಗಳು ಎರಡು. ಮೊದಲನೆಯದು ರನ್ನನ ಅಜಿತಪುರಾಣ. ಬಳೆಗಾರರ ಮನೆಯಲ್ಲಿ ಹುಟ್ಟಿದ ಮುದುವೊಳಲಿನ ಈ ಕವಿಯು ಅತ್ತಿಮಬ್ಬೆಯ ಆಶ್ರಯದಲ್ಲಿ ಕ್ರಿ.ಶ. ೯೯೩ರಲ್ಲಿ ಈ ಕೃತಿಯನ್ನು ಮುಗಿಸಿ, ಅದರಲ್ಲಿ ಆಕೆಯ ವಂಶವನ್ನೂ ಗುಣಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು, ಚಾವುಂಡರಾಯನಿಗೂ ಈಕೆಗೂ ತನ್ನ ಕೃತಜ್ಞತೆಯನ್ನು ಮನೆಯೊಳಗೇ ಸ್ಥಾಪಿಸಿಕೊಂಡನು. ಎರಡನೆಯ ಆಧಾರವು ಈಗಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿರುವ ಕ್ರಿ.ಶ. ೧೦೦೭ರ ಶಾಸನ. ಚಾಲುಕ್ಯ ಚಕ್ರವರ್ತಿ ಸತ್ಯಾಶ್ರಯ ಇರಿವಬೆಡಂಗನ ಆಳಿಕೆಯಲ್ಲಿ ಹುಟ್ಟಿದ ಈ ಶಾಸನವು ಆಕೆಯು ಅಲ್ಲಿ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟುದನ್ನು ತಿಳಿಸುತ್ತದೆ.

ಇವುಗಳಿಂದ ತಿಳಿದುಬರುವ ಜೀವನವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ. ಅತ್ತಿಮಬ್ಬೆಯ ತಂದೆ ವೆಂಗಿನಾಡಿನ ಮೂಲದ ಮಲ್ಲಪ. ಅವನ ತಮ್ಮ ಪುನ್ನಮಯ್ಯ. ಈ ಸಹೋದರರು ತಮ್ಮ ಗುರು ಜಿನಚಂದ್ರದೇವನ ಸ್ಮರಣಾರ್ಥವಾಗಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಇಮ್ಮಡಿ ತೈಲಪನ ಮಂತ್ರಿಯಾದ ದಲ್ಲಪನ ಮಗ ನಾಗದೇವನಿಗೆ ಕೊಟ್ಟು ಮದುವೆಮಾಡಿದರು. ನಾಗದೇವನು ಮಡಿದಾಗ ಗುಂಡಮಬ್ಬೆಯು ಸಹಗಮನಮಾಡಿದಳು. ಅತ್ತಿಮಬ್ಬೆಯು ಮಗನಾದ ಅಣ್ಣಿಗದೇವನೊಡನೆ ಉಳಿದಳು.

ಒಂದೇ ಮನೆಯ ಇಬ್ಬರು ಅಕ್ಕತಂಗಿಯರು. ಇಬ್ಬರಿಗೂ ಒಬ್ಬನೇ ಗಂಡ. ಒಂದೇ ದಿನ ಒದಗಿದ ವೈಧವ್ಯ. ಒಬ್ಬಳು ಬೆಂಕಿಗೆ ನಡೆದಳು, ಒಬ್ಬಳು ಮಗನ ಕಡೆಗೆ ತಿರುಗಿದಳು. ಆಗಿನ ಕಾಲವು ಇಬ್ಬರನ್ನೂ ಹೊಗಳಿತು. ಆದರೆ ಚರಿತ್ರಕಾರನು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಚಿತೆಯಿಂದ ಹಿಂದುಳಿಯುವುದಕ್ಕೆ ಸಮಾಜವು ಒಪ್ಪತಕ್ಕ ಕಾರಣವು ಮಾತೃತ್ವವಾಗಿತ್ತು. ಬಾಲಾಪತ್ಯೆಯಾದವಳು, ಎಂದರೆ ಎಳೆಯ ಮಕ್ಕಳುಳ್ಳವಳು, ಅನುಗಮನಕ್ಕೆ ಹೊರಗೆಂಬ ವಿಧಿಯನ್ನು ಧರ್ಮಶಾಸ್ತ್ರನಿಬಂಧಗಳು ಹೇಳುತ್ತವೆ. ಅತ್ತಿಮಬ್ಬೆಯು ಜೈನಮತದವಳಾದುದರಿಂದ ಆ ವಿಧಿಯು ಆಕೆಗೆ ನೇರವಾಗಿ ಅನ್ವಯಿಸದಿದ್ದರೂ ಅದರ ಹಿಂದಿರುವ ಲೋಕಭಾವನೆಯು ಎಲ್ಲರದೂ ಆಗಿತ್ತು. ಮಗನು ಆಕೆಯ ಕಾರ್ಯಕ್ಕೆ ತೊಡಕಾಗಲಿಲ್ಲ. ಕಾರ್ಯವನ್ನು ಮಾಡಲು ಬೇಕಾದ ಆಯುಷ್ಯವೇ ತಾಯಿತನದ ನೆಪದಿಂದ ಆಕೆಗೆ ದೊರೆಯಿತು.

೩

ಹಾಗೆ ದೊರೆತ ಆಯುಷ್ಯದಲ್ಲಿ ಆಕೆಯು ಮಾಡಿದುದೇನು? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳೆಂದೂ, ಚಿನ್ನ ಮತ್ತು ರತ್ನಗಳ ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿದಳೆಂದೂ ಕರ್ಣಾಟಕ ಕವಿಚರಿತೆಯನ್ನು ಬರೆದ ಆರ್. ನರಸಿಂಹಾಚಾರ್ಯರ ಕಾಲದಿಂದಲೂ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಆಕೆಯ ‘ದಾನಚಿಂತಾಮಣಿ’ ಎಂಬ ಬಿರುದು ಪ್ರಸಿದ್ಧವೇ ಆಗಿದೆ. ಜೈನರ ಚತುರ್ವಿಧದಾನಗಳಾದ ಆಹಾರ, ಅಭಯ, ಔಷಧ, ಶಾಸ್ತ್ರಗಳಲ್ಲಿ ಗ್ರಂಥದಾನವು ಕೊನೆಯದಕ್ಕೆ ಸೇರುವುದರಿಂದ, ಈ ಮಹಾಕಾರ್ಯವೆಲ್ಲವನ್ನೂ ದಾನವೆಂಬ ಒಂದೇ ಮಾತಿನಲ್ಲಿ ಅಡಗಿಸಿ ನಾವು ಮುಂದೆ ಸಾಗುತ್ತೇವೆ.

ಆದರೆ ದಾನವೆಂಬ ಮಾತು ಕೊಡುವ ಕೈಯನ್ನು ತೋರಿಸುವುದೇ ಹೊರತು ಮಾಡುವ ಕೈಯನ್ನು ತೋರಿಸುವುದಿಲ್ಲ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಏನೆಂಬುದನ್ನು ಸ್ವಲ್ಪ ಲೆಕ್ಕಹಾಕಿ ನೋಡಬಹುದು. ಶಾಂತಿಪುರಾಣವು ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ. ಒಬ್ಬ ನುರಿತ ಲಿಪಿಕಾರನು ಒಂದು ಪ್ರತಿಯನ್ನು ಒಂದು ತಿಂಗಳಲ್ಲಿ ಮುಗಿಸುವನೆಂದು ಊಹಿಸೋಣ. ಹಾಗಾದರೆ ಒಬ್ಬನೇ ಕುಳಿತು ಸಾವಿರ ಪ್ರತಿಗಳನ್ನು ಬರೆಯಲು ೮೩ ವರ್ಷಗಳಿಗೂ ಮಿಕ್ಕ ಕಾಲ ಬೇಕು. ಇಪ್ಪತ್ತೈದು ಜನರು ಕೂಡಿ ಎಡೆಬಿಡದೆ ಬರೆದರೂ ಮೂರು ವರ್ಷ ನಾಲ್ಕು ತಿಂಗಳಾಗುವುದು. ಒಂದು ಪ್ರತಿಗೆ ನೂರು ಗರಿಗಳೆಂದರೂ ಒಂದು ಲಕ್ಷ ಗರಿಗಳನ್ನು ತರಿಸಬೇಕು. ಗರಿಗಳನ್ನು ಬೇಯಿಸಿ, ನೆರಳಿನಲ್ಲಿ ಒಣಗಿಸಿ, ತಿಕ್ಕಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ರಂಧ್ರ ಕೊರೆಯಬೇಕು. ಉಕ್ಕಿನ ಕಂಟದಿಂದ ಬರೆದ ಮೇಲೆ ಅಕ್ಷರಗಳಿಗೆ ಮಸಿಯನ್ನು ತುಂಬಬೇಕು. ಮೇಲೂ ಕೆಳಗೂ ಮರದ ಹಲಗೆಗಳನ್ನಿಟ್ಟು ಕಟ್ಟಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಮೂಲಪ್ರತಿಯೊಂದಿಗೆ ಹೋಲಿಸಿ ತಿದ್ದತಕ್ಕ ವಿದ್ವಾಂಸರು ಬೇಕು. ಇಲ್ಲದಿದ್ದರೆ ಒಂದು ತಪ್ಪು ಸಾವಿರ ತಪ್ಪಾಗುವುದು. ಲಿಪಿಕಾರರಿಗೆ ಅನ್ನ, ವಸತಿ, ಸಂಭಾವನೆಗಳನ್ನು ಒದಗಿಸಬೇಕು. ಬರೆದು ಮುಗಿದವನ್ನು ದೂರದ ಬಸದಿಗಳಿಗೂ ಶ್ರಾವಕರ ಮನೆಗಳಿಗೂ ತಲುಪಿಸಬೇಕು.

ಸಾವಿರವೆಂಬುದು ಅರ್ಥವಾದವಿರಬಹುದೆಂದು, ಬಹುತ್ವವನ್ನು ಸೂಚಿಸುವ ರೂಢಿಯ ಸಂಖ್ಯೆಯಿರಬಹುದೆಂದು ಯಾರಾದರೂ ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಸಂಖ್ಯೆಯನ್ನು ಹತ್ತರಲ್ಲೊಂದಕ್ಕೆ ಇಳಿಸಿದರೂ ಉಳಿಯುವ ನೂರು ಪ್ರತಿಗಳು ಒಂದು ವ್ಯವಸ್ಥಿತವಾದ ಕಾರ್ಯಾಲಯವಿಲ್ಲದೆ ಆಗತಕ್ಕವಲ್ಲ. ಆ ಕಾರ್ಯಾಲಯದ ಯಜಮಾನಿಯು ಅತ್ತಿಮಬ್ಬೆ. ಆಕೆಯನ್ನು ದಾನಿಯೆನ್ನುವುದು ಸತ್ಯವೇ. ದಾನಿಯೆಂದಷ್ಟೇ ಹೇಳುವುದು ಅರ್ಧಸತ್ಯ.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಆಕೆಯು ಪ್ರತಿಮಾಡಿಸಿದ ಗ್ರಂಥವು ಆಕೆಯ ತಂದೆಯೂ ಚಿಕ್ಕಪ್ಪನೂ ಬರೆಯಿಸಿದ ಗ್ರಂಥ. ಮದುವೆಯಾಗಿ ಬೇರೊಂದು ಕುಲಕ್ಕೆ ಸಂದ ಮಗಳು ತವರಿನ ಹೆಸರನ್ನು ಉಳಿಸುವ ಕೆಲಸವನ್ನು ತಾನೇ ವಹಿಸಿಕೊಂಡಳು. ಗಂಡುಮಕ್ಕಳಿಗೆ ಮೀಸಲೆಂದು ತಿಳಿದಿದ್ದ ವಂಶೋದ್ಧಾರವನ್ನು ಆಕೆಯು ಗ್ರಂಥದ ಮೂಲಕ ಸಾಧಿಸಿದಳು.

೪

ಈ ಕಾರ್ಯಕ್ಕೆ ಬೇಕಾದ ಧನವು ಆಕೆಯ ವಶದಲ್ಲಿ ಹೇಗೆ ಇದ್ದಿತು ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಇಲ್ಲಿ ಧರ್ಮಶಾಸ್ತ್ರದ ಚರಿತ್ರೆಯು ನಮಗೆ ಸ್ವಲ್ಪ ಸಹಾಯಕವಾಗುವುದು. ಅತ್ತಿಮಬ್ಬೆಯ ತರುವಾಯ ಸುಮಾರು ಒಂದು ಶತಮಾನದೊಳಗೆ, ಇದೇ ಚಾಲುಕ್ಯರ ರಾಜಧಾನಿಯಾದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಅವನು ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿ, ದಾಯವಾಗಿಯೂ ಕ್ರಯವಾಗಿಯೂ ಬಂದ ದ್ರವ್ಯವನ್ನು ಅದರಲ್ಲಿ ಸೇರಿಸಿದನು. ವಿಭಕ್ತನಾಗಿ ಅಪುತ್ರನಾಗಿ ಸತ್ತವನ ಆಸ್ತಿಯು ಹೆಂಡತಿಗೆ ಸೇರತಕ್ಕದ್ದೆಂದು ನಿರ್ಣಯಿಸಿದನು. ಈ ಉದಾರವಾದ ನಿರ್ಣಯದಲ್ಲಿಯೂ ಮಗನುಳ್ಳ ವಿಧವೆಗೆ ಗಂಡನ ಆಸ್ತಿಯು ನೇರವಾಗಿ ಬರುವುದಿಲ್ಲ. ಅದು ಮಗನಿಗೆ ಸೇರುವುದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಲಕ್ಕುಂಡಿಯ ಶಾಸನವನ್ನು ಓದಿದರೆ ಅಲ್ಲಿ ಪಡೆವಳ ತೈಲನೆಂದು ಕರೆಯಲ್ಪಟ್ಟಿರುವ ಮಗನ ಉಲ್ಲೇಖಕ್ಕೆ ಹೊಸ ಅರ್ಥವು ಬರುತ್ತದೆ. ಅವನು ಆಗ ಮಾಸವಾಡಿ ನೂರನಾಲ್ವತ್ತನ್ನು ಆಳುತ್ತಿದ್ದನು. ಬಸದಿಯ ಕೀರ್ತಿಯು ತಾಯಿಗೆ ಸಲ್ಲುತ್ತದೆ. ಚಕ್ರವರ್ತಿಯ ಸನ್ನಿಧಿಯಲ್ಲಿ ಅಧಿಕಾರವುಳ್ಳವನು ಮಗ. ತಾಯಿಯ ಸಂಕಲ್ಪಕ್ಕೆ ಮಗನ ಸ್ಥಾನವು ಬೆನ್ನೆಲುಬಾಯಿತೆಂದು ಊಹಿಸುವುದರಲ್ಲಿ ಅತಿಶಯವಿಲ್ಲ. ಗಂಡನನ್ನು ಕಳೆದುಕೊಂಡವಳು ಎಳೆಯ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದುದು ಒಂದು ಕೆಲಸ, ಗ್ರಂಥವನ್ನು ಬರೆಯಿಸಿದುದು ಬೇರೊಂದು ಕೆಲಸ, ಬಸದಿಯನ್ನು ಕಟ್ಟಿಸಿದುದು ಮೂರನೆಯ ಕೆಲಸ ಎಂದು ನಾವು ಎಣಿಸುತ್ತೇವೆ. ಆಕೆಯ ಬಾಳಿನಲ್ಲಿ ಇವು ಒಂದಕ್ಕೊಂದು ಆಧಾರವಾಗಿದ್ದುವು. ಇವುಗಳಲ್ಲಿ ಒಂದನ್ನು ಕಿತ್ತರೆ ಉಳಿದೆರಡೂ ನಿಲ್ಲಲಾರವು.

೫

ಇನ್ನು ಒಂಬತ್ತು ನೂರು ವರ್ಷಗಳನ್ನು ದಾಟಿ ಮೈಸೂರು ಸಂಸ್ಥಾನದ ನಂಜನಗೂಡಿಗೆ ಬರೋಣ. ನಡುವಣ ಕಾಲದಲ್ಲಿ ಪುಸ್ತಕವು ಓಲೆಯಿಂದ ಕಾಗದಕ್ಕೂ, ಕಂಟದಿಂದ ಅಚ್ಚಿನ ಮೊಳೆಗೂ ಬಂದಿತ್ತು. ತಿರುಮಲಾಂಬ ಅವರು ೧೮೮೭ರಲ್ಲಿ ವಕೀಲರಾದ ವೆಂಕಟಕೃಷ್ಣ ಅಯ್ಯಂಗಾರ್ಯರ ಮಗಳಾಗಿ ಹುಟ್ಟಿದರು. ಹತ್ತನೆಯ ವಯಸ್ಸಿನಲ್ಲಿ ಮದುವೆ, ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ. ಮಗಳಿಗೆ ಒದಗಿದ ದುಃಖಕ್ಕೆ ತಂದೆಯು ಕಂಡುಕೊಂಡ ಔಷಧವು ವಿದ್ಯೆ. ಮನೆಯಲ್ಲಿಯೇ ಓದಿ ವಿದ್ವತ್ತನ್ನು ಸಂಪಾದಿಸಿದ ಈಕೆ ೧೯೧೩ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಆ ಕೃತಿಯು ಒಂದಕ್ಕಿಂತ ಹೆಚ್ಚು ಮುದ್ರಣಗಳನ್ನು ಕಂಡಿತು. ‘ನಭಾ’, ‘ವಿರಾಗಿಣಿ’ ಮೊದಲಾದವು ಅದನ್ನು ಹಿಂಬಾಲಿಸಿದುವು. ‘ಕರ್ಣಾಟಕನಂದಿನಿ’, ‘ಸನ್ಮಾರ್ಗದರ್ಶಿ’ ಎಂಬ ಪತ್ರಿಕೆಗಳನ್ನೂ ಅವರು ನಡಸಿದರು. ಕನ್ನಡದಲ್ಲಿ ಸ್ತ್ರೀಯೊಬ್ಬಳು ಲೇಖಕಿ, ಸಂಪಾದಕಿ, ಪ್ರಕಾಶಕಿ ಈ ಮೂರು ಪದವಿಗಳನ್ನೂ ಏಕಕಾಲದಲ್ಲಿ ವಹಿಸಿದುದಕ್ಕೆ ಇವರೇ ಮೊದಲಿಗರೆಂಬುದು ಈಗ ಸರ್ವವಿದಿತವಾದ ಸಂಗತಿ.

ಗ್ರಂಥಮಾಲೆಯನ್ನು ನಡಸುವುದೆಂದರೆ ಕೇವಲ ಬರೆಯುವುದಲ್ಲ. ಕಾಗದವನ್ನು ಕೊಳ್ಳಬೇಕು, ಅಚ್ಚುಕೂಟದವರೊಡನೆ ಲೆಕ್ಕವನ್ನು ಇತ್ಯರ್ಥಪಡಿಸಬೇಕು, ಕರಡಚ್ಚನ್ನು ತಿದ್ದಬೇಕು, ಚಂದಾದಾರರನ್ನು ಕೂಡಿಸಬೇಕು, ಪುಸ್ತಕಗಳನ್ನು ಅಂಚೆಯ ಮೂಲಕ ಕಳುಹಿಸಿ ಹಣವನ್ನು ವಸೂಲುಮಾಡಬೇಕು. ಆರಂಭವಾದ ಮರುವರ್ಷವೇ ಯೂರೋಪಿನ ಮಹಾಯುದ್ಧವು ತೊಡಗಿ ಕಾಗದದ ಬೆಲೆಯು ಏರಿತು. ಅಂಗಡಿಬೀದಿಗೆ ಹೋಗುವುದೂ ಪರಪುರುಷರೊಡನೆ ವ್ಯವಹರಿಸುವುದೂ ಬಾಲವಿಧವೆಗೆ ನಿಷಿದ್ಧವೆಂದು ಭಾವಿಸಿದ್ದ ಸಮಾಜದಲ್ಲಿ, ಇಂತಹ ಕಾಲದಲ್ಲಿ, ಈ ವ್ಯಾಪಾರವನ್ನು ಕೈಕೊಳ್ಳುವುದಕ್ಕೆ ಎಷ್ಟು ಧೈರ್ಯವು ಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಅತ್ತಿಮಬ್ಬೆಗೆ ಮಗನಿದ್ದನು, ತಿರುಮಲಾಂಬ ಅವರಿಗೆ ಮಕ್ಕಳಿರಲಿಲ್ಲ. ಅವರು ತಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆ ಪಾಠಶಾಲೆಗೆ ಅವರು ಇಟ್ಟ ಹೆಸರು ‘ಮಾತೃಮಂದಿರ’. ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ: ಪುಸ್ತಕದ ಅಂಗಡಿಗೆ ಸತಿಯರ ಹಿತವನ್ನು ಬಯಸತಕ್ಕವಳೆಂಬ ಹೆಸರು, ಶಾಲೆಗೆ ತಾಯಿಯ ಮಂದಿರವೆಂಬ ಹೆಸರು, ಪತ್ರಿಕೆಗೆ ನಾಡಿನ ಮಗಳೆಂಬ ಹೆಸರು. ಲೋಕವು ಯಾರಿಗೆ ಹೆಂಡತಿಯ ಸ್ಥಾನವನ್ನೂ ತಾಯಿಯ ಸ್ಥಾನವನ್ನೂ ಇಲ್ಲವೆಂದಿತೋ ಆಕೆಯು ಹೆಂಡತಿಯರ ಹಿತೈಷಿಣಿಯಾಗಿ, ಮಾತೃಮಂದಿರದ ಒಡತಿಯಾಗಿ ಜನರ ಮುಂದೆ ನಿಂತಳು.

ಇದು ಒಂದೇ ಉದಾಹರಣೆಯಾಗಿದ್ದರೆ ಆಕಸ್ಮಿಕವೆನ್ನಬಹುದಾಗಿತ್ತು. ಬೆಂಗಳೂರಿನ ಆರ್. ಕಲ್ಯಾಣಮ್ಮನವರ ಬಾಳೂ ಇದೇ ದಾರಿಯಲ್ಲಿ ನಡೆಯಿತು. ಅವರೂ ಬಾಲವಿಧವೆ. ೧೯೨೧ರಲ್ಲಿ ‘ಸರಸ್ವತಿ’ ಮಾಸಪತ್ರಿಕೆಯನ್ನು ಆರಂಭಿಸಿ ನಾಲ್ಕು ದಶಕಗಳ ಕಾಲ ಅದನ್ನು ನಡಸಿದರು. ೧೯೩೮ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯ ಹೆಸರು ‘ಮಕ್ಕಳ ಕೂಟ’. ಸ್ವಂತ ಮಕ್ಕಳಿಲ್ಲದವರು ಊರಿನ ಮಕ್ಕಳನ್ನೆಲ್ಲ ಕೂಡಿಸಿದರು. ಇಲ್ಲಿಯೂ ಉದ್ಯಮವು ತಾಯಿತನದ ಕೈಹಿಡಿದೇ ಹೊರಕ್ಕೆ ಬಂದಿತು.

೬

ಈ ವೃತ್ತಾಂತಗಳಿಂದ ಹೊರಡುವ ನಿಷ್ಕರ್ಷೆಯು ಯಾವುದು? ನಮ್ಮ ಸಮಾಜವು ಸ್ತ್ರೀಯ ಉದ್ಯಮವನ್ನು ತಡೆಯಿತೆಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಎರಡು ಕಟ್ಟುಪಾಡುಗಳ ಮೇಲೆ ಅದಕ್ಕೆ ಒಪ್ಪಿಗೆಯನ್ನು ಕೊಟ್ಟಿತು. ಮೊದಲನೆಯದು, ಆ ಕಾರ್ಯವು ಆಕೆಯದೆಂದು ತೋರಬಾರದು; ದಾನವೆಂದೋ, ಹಿತವೆಂದೋ, ತಾಯಿತನವೆಂದೋ ಅದಕ್ಕೆ ಬೇರೊಂದು ಹೆಸರಿರಬೇಕು. ಎರಡನೆಯದು ಇದಕ್ಕಿಂತ ಕಠಿನವಾದುದು: ಸ್ತ್ರೀಯ ಹೊತ್ತು ಆಕೆಗೆ ಹಿಂದಿರುಗಿ ಬರಬೇಕಾದರೆ ಗಂಡನು ಇಲ್ಲವಾಗಬೇಕು. ನಾವು ಕಂಡ ಮೂವರೂ ವಿಧವೆಯರು. ಲೋಕವು ಅಮಂಗಲವೆಂದು ದೂರವಿಟ್ಟ ಸ್ಥಿತಿಯಲ್ಲಿಯೇ ಅವರಿಗೆ ಬಿಡುವು ದೊರೆಯಿತು. ಮುತ್ತೈದೆಯಾಗಿದ್ದು, ಮಕ್ಕಳನ್ನು ಹೆತ್ತು, ಇಂತಹ ಉದ್ಯಮವನ್ನು ತನ್ನ ಹೆಸರಿನಲ್ಲಿ ನಡಸಬಲ್ಲವರಾಗಿದ್ದ ಅದೆಷ್ಟು ಸ್ತ್ರೀಯರ ಶಕ್ತಿಯು ಅಡುಗೆಮನೆಯ ಹೊಗೆಯಲ್ಲಿ ಕರಗಿತೋ ಅದಕ್ಕೆ ಶಾಸನವಿಲ್ಲ.

ಕಾನೂನು ಈ ವಿಷಯದಲ್ಲಿ ಬಹಳ ತಡವಾಗಿ ಕಣ್ತೆರೆಯಿತು. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಜಾರಿಗೆ ಬಂದುದು ೧೯೩೩ರಲ್ಲಿ. ‘ಸತೀಹಿತೈಷಿಣೀ’ ಮಾಲೆಯು ಆರಂಭವಾಗಿ ಆಗಲೇ ಇಪ್ಪತ್ತು ವರ್ಷಗಳಾಗಿದ್ದುವು. ಅತ್ತಿಮಬ್ಬೆಗೆ ಮಗನ ಅಧಿಕಾರವು ಆಸರೆಯಾದಂತೆ ತಿರುಮಲಾಂಬ ಅವರಿಗೆ ತಂದೆಯ ಮನೆಯು ಆಸರೆಯಾಗಿದ್ದಿತು. ಅಂತಹ ಆಸರೆಯಿಲ್ಲದವಳಿಗೆ ಪ್ರತಿಭೆಯೊಂದೇ ಸಾಕಾಗುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಅತ್ತಿಮಬ್ಬೆಯ ಮನಸ್ಸಿನಲ್ಲಿ ಅದು ದಾನವೇ ಆಗಿದ್ದಿತು, ಧರ್ಮವೇ ಆಗಿದ್ದಿತು. ಅದನ್ನು ಉದ್ಯಮವೆನ್ನುವುದು ಈಗಿನ ಅಳತೆಗೋಲಿನಿಂದ ಹಿಂದಿನದನ್ನು ಅಳೆದಂತೆ ಎಂದು ಹೇಳಬಹುದು. ನಾವು ಆಕೆಯ ಧರ್ಮಬುದ್ಧಿಯನ್ನು ಕಿರಿದುಮಾಡಬಯಸುವುದಿಲ್ಲ. ವ್ರತದಿಂದ ಮಾಡಿದ ಕೆಲಸವೂ ಕೆಲಸವೇ. ಶಿಲ್ಪಿಯು ಭಕ್ತಿಯಿಂದ ಕಡೆದ ಮಾತ್ರಕ್ಕೆ ವಿಗ್ರಹದಲ್ಲಿ ಉಳಿಯ ಪೆಟ್ಟಿಲ್ಲವೆಂದು ಹೇಳುವೆವೇ? ಪುರುಷನು ಕೆರೆಯನ್ನು ಕಟ್ಟಿಸಿದರೆ ಅವನ ದಕ್ಷತೆಯನ್ನೂ ರಾಜನೀತಿಯನ್ನೂ ಹೊಗಳುತ್ತೇವೆ. ಸ್ತ್ರೀಯು ಬಸದಿಯನ್ನು ಕಟ್ಟಿಸಿದರೆ ಆಕೆಯ ಹೃದಯವನ್ನು ಮಾತ್ರ ಹೊಗಳಿ ಸುಮ್ಮನಾಗುತ್ತೇವೆ. ಈ ಪಕ್ಷಪಾತವು ಹಿಂದಿನವರದಲ್ಲ, ನಮ್ಮದು.

ಈ ಪಕ್ಷಪಾತದ ಫಲವನ್ನೂ ನಾವು ಕಂಡಿದ್ದೇವೆ. ಅತ್ತಿಮಬ್ಬೆಯ ಹೆಸರು ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಉಳಿಯಿತು, ಆಕೆಗೆ ರನ್ನನಿದ್ದನು. ಅಚ್ಚಿನ ಯುಗದವರಾದ ತಿರುಮಲಾಂಬ ಅವರು ಮದರಾಸಿಗೆ ಹೋಗಿ ನೆಲಸಿದ ಮೇಲೆ ಕನ್ನಡಿಗರು ಅವರನ್ನು ಮರೆತರು. ೧೯೮೨ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ತರುವಾಯ ವಿಜಯಾ ದಬ್ಬೆ ಮೊದಲಾದ ವಿದುಷಿಯರ ಪರಿಶ್ರಮದಿಂದ ಅವರಿಗೆ ಸಾಹಿತ್ಯಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನವು ಬಹುಮಟ್ಟಿಗೆ ಸಂದಿತು. ಆದರೆ ಸಂದುದು ಲೇಖಕಿಯ ಸ್ಥಾನ. ಚಂದಾದಾರರ ಲೆಕ್ಕವನ್ನು ಬರೆದ, ಕಾಗದದ ಬೆಲೆಯನ್ನು ಚಿಂತಿಸಿದ ಪ್ರಕಾಶಕಿಯ ವಿಚಾರವು ಇನ್ನೂ ಬರೆಯಲ್ಪಡಬೇಕಾಗಿದೆ.

ಆದುದರಿಂದ ಸಾಹಿತ್ಯಚರಿತ್ರೆಯನ್ನು ಬೋಧಿಸುವ ಉಪಾಧ್ಯಾಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ದಾನಚಿಂತಾಮಣಿಯ ಪಾಠವನ್ನು ಹೇಳುವಾಗ ಆಕೆಯ ಔದಾರ್ಯದ ಜೊತೆಗೆ ಆ ಲಕ್ಷ ಗರಿಗಳ ಲೆಕ್ಕವನ್ನೂ ಒಮ್ಮೆ ವಿದ್ಯಾರ್ಥಿಗಳಿಂದ ಹಾಕಿಸಿರಿ. ಗರಿಗಳನ್ನು ತರಿಸಿದವರಾರು, ಬೇಯಿಸಿದವರಾರು, ಬರೆದವರಾರು, ತಿದ್ದಿದವರಾರು, ಅವರೆಲ್ಲರಿಗೂ ಆ ದಿನದ ಅನ್ನವನ್ನು ಅಳೆದು ಹಾಕಿಸಿದವಳಾರು ಎಂದು ಕೇಳಿರಿ. ಕೊನೆಯ ಪ್ರಶ್ನೆಗೆ ಉತ್ತರವು ದೊರೆತಾಗ, ಮಗನನ್ನು ಸಾಕಿದ ಕೈಯೂ ಗ್ರಂಥವನ್ನು ಬರೆಯಿಸಿದ ಕೈಯೂ ಬಸದಿಯನ್ನು ಕಟ್ಟಿಸಿದ ಕೈಯೂ ಒಂದೇ ಎಂಬುದು ಅವರಿಗೆ ತಾನಾಗಿ ವೇದ್ಯವಾಗುವುದು.